ಗೃಹಲಕ್ಷ್ಮಿ ಹೆಸರಲ್ಲಿ ಅವ್ವನಿಗೆ ಫೋನ್: ದುಡ್ಡು ಹೋಗಿಲ್ಲ ಅಂದರೆ ದೂರು ಕೊಡೋದು ಬೇಡವಾ?

ಕಿನ್ನಾಳ ಗೊಂಬೆ · ಗುರುವಾರ, ರಾತ್ರಿ 9:10
ಎಲ್ಲರಿಗೂ ನಮಸ್ಕಾರ. ನಾನಿರುವುದು ಕೊಪ್ಪಳದಲ್ಲಿ. ನಮ್ಮವ್ವ ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿ ಒಬ್ಬಳೇ ಇರುತ್ತಾಳೆ. ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಅವಳಿಗೊಂದು ಫೋನ್ ಬಂದಿದೆ. "ಅಮ್ಮಾ, ಗೃಹಲಕ್ಷ್ಮಿ ಆಫೀಸಿಂದ ಮಾತಾಡ್ತಿದ್ದೀವಿ. ನಿಮ್ಮ ಮೂರು ಕಂತು ಸೇರಿ 6,000 ಬಂದು ನಿಂತಿದೆ. ಆಧಾರ್ ಜೋಡಣೆ ಸರಿ ಇಲ್ಲ. ಮಧ್ಯಾಹ್ನದೊಳಗೆ ಆಗದಿದ್ರೆ ವಾಪಸ್ ಹೋಗುತ್ತೆ" ಅಂದಿದ್ದಾರೆ.

ಅವ್ವನ ಕೈಯೆಲ್ಲ ಹಿಟ್ಟು. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದ ಮನೆ ಹುಡುಗನನ್ನು ಕರೆದಿದ್ದಾಳೆ. "ಟ್ರಂಕಿನಲ್ಲಿ ಎಟಿಎಂ ಕಾರ್ಡ್ ಐತಿ, ಅದರ ಮೇಲಿನ ನಂಬರ್ ಓದಪ್ಪ" ಅಂದಿದ್ದಾಳೆ. ಹುಡುಗ 8ನೇ ಕ್ಲಾಸು. ಕಾರ್ಡ್ ಕೈಗೆ ತೆಗೆದುಕೊಂಡವನು ಓದಲಿಲ್ಲ. "ಅಜ್ಜಿ, ರೊಕ್ಕ ಕೊಡೋರಿಗೆ ಎಟಿಎಂ ನಂಬರ್ ಯಾಕೆ ಬೇಕು?" ಅಂತ ಫೋನ್ ಕಟ್ ಮಾಡಿದ್ದಾನೆ. ಸಂಜೆ ನಾನು ಹೋದಾಗ ಫೋನಿನ ಮೇಲೆ ಹಿಟ್ಟಿನ ಬೆರಳಚ್ಚು ಹಾಗೇ ಒಣಗಿತ್ತು. ನೋಡಿ ನನಗೆ ಕೈಕಾಲು ತಣ್ಣಗಾಯಿತು.

ಹತ್ತಿರದ ಠಾಣೆಗೆ ಹೋದೆವು. "ದುಡ್ಡು ಹೋಗಿಲ್ಲ ಅಲ್ವಾ? ಮತ್ತೇನು ದೂರು? ಬ್ಲಾಕ್ ಮಾಡಿ" ಅಂದು ಕಳಿಸಿದರು. ನನ್ನ ಪ್ರಶ್ನೆ ಇಷ್ಟೇ. ದುಡ್ಡು ಹೋಗದಿದ್ದರೆ ದೂರು ಕೊಡುವ ಜಾಗವೇ ಇಲ್ಲವಾ? ಅದೇ ನಂಬರಿನಿಂದ ನಮ್ಮ ಓಣಿಯಲ್ಲೇ ಇನ್ನೂ ನಾಲ್ಕು ಮನೆಗೆ ಫೋನ್ ಬಂದಿದೆ. ಅವರಲ್ಲಿ ಒಬ್ಬ ಅಕ್ಕನ 14,000 ಹೋಗಿದೆ. ಸಂಘದ ಕಂತು ಕಟ್ಟಲು ಇಟ್ಟಿದ್ದ ದುಡ್ಡು. ಅವರು ಗಂಡನಿಗೂ ಹೇಳಿಲ್ಲ, ಅವ್ವನ ಹತ್ತಿರ ಮಾತ್ರ ಅತ್ತಿದ್ದಾರೆ.

ಮೆಣಸಿನಕಾಯಿ · 9:14
ಆ ಅಕ್ಕನ ದುಡ್ಡು ಹೋಗಿದ್ದು ಎಷ್ಟು ಹೊತ್ತಿಗೆ? ಉಳಿದ ಪ್ರಶ್ನೆ ಆಮೇಲೆ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ರಾತ್ರಿಯೂ ಇರುತ್ತಾರೆ.

ಕಿನ್ನಾಳ ಗೊಂಬೆ · 9:17
ಬೆಳಿಗ್ಗೆ 11ರ ಹೊತ್ತಿಗೆ. ಹತ್ತು ಗಂಟೆ ಆಗಿ ಹೋಯಿತಲ್ಲ, ಈಗ ಮಾಡಿದರೆ ಪ್ರಯೋಜನ ಇದೆಯಾ?

ಬ್ಯಾಂಕ್ ಕೌಂಟರ್ 3 · 9:21
ಇದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಸಿಂಧನೂರು ಕಡೆ. ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ಕಾರ್ಡಿನ ಹಿಂದೆಯೇ ಬ್ಯಾಂಕಿನ ನಂಬರ್ ಇರುತ್ತೆ. ಆ ಕಾರ್ಡ್ ನಂಬರ್ ಇನ್ನೂ ಕಳ್ಳರ ಕೈಯಲ್ಲಿದೆ, ನಾಳೆ ಗೃಹಲಕ್ಷ್ಮಿ ಹಣ ನಿಜವಾಗಿ ಬಂದರೂ ಎಳೆದುಕೊಳ್ಳಲು ನೋಡುತ್ತಾರೆ. ಆಮೇಲೆ 1930. ಹಣ ಕಡಿತವಾದ ಮೆಸೇಜ್, ಸಮಯ, ಮೊತ್ತ, ಖಾತೆ ನಂಬರ್, ಮೆಸೇಜಿನಲ್ಲಿರುವ ರೆಫರೆನ್ಸ್ ನಂಬರ್ ಹತ್ತಿರ ಇಟ್ಟುಕೊಳ್ಳಲಿ. ಆ ಮೆಸೇಜ್ ಡಿಲೀಟ್ ಮಾಡಬೇಡಿ ಅಂತ ಹೇಳಿ. ಹೆದರಿಕೊಂಡು ಮೊದಲು ಮಾಡುವ ಕೆಲಸವೇ ಅದು.

ಕಿನ್ನಾಳ ಗೊಂಬೆ · 9:23
ಅವ್ವನಿಗೆ ಫೋನ್ ಮಾಡಿ ಆ ಅಕ್ಕನನ್ನು ಕರೆಸುತ್ತಿದ್ದೇನೆ. ಅಕ್ಕನಿಗೆ ಗಂಡನ ಭಯ ಜಾಸ್ತಿ.

ಹಳೇ ಲಾರಿ · 9:30
ಸುಮ್ನೆ ಆ ಹೆಣ್ಣುಮಗಳನ್ನು ಇನ್ನಷ್ಟು ಓಡಾಡಿಸಬೇಡಿ. ನಾನು ಬಳ್ಳಾರಿಯವನು. 2022ರಲ್ಲಿ "ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿ 9:30ಕ್ಕೆ ಲೈನ್ ಕಟ್" ಅಂತ ಮೆಸೇಜ್ ಬಂತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಒಂದು ಆಪ್ ಹಾಕಿಕೊಳ್ಳಿ ಅಂದರು, ಹಾಕಿಕೊಂಡೆ. 42,000 ಹೋಯಿತು. ದೂರು ಕೊಟ್ಟೆ, ನಾಲ್ಕು ಸಲ ಠಾಣೆಗೆ ಹೋದೆ, ಮೂರು ದಿನದ ಬಾಡಿಗೆ ಬಿಟ್ಟೆ. ಒಂದು ರೂಪಾಯಿ ಬಂದಿಲ್ಲ. ದೂರು ಅನ್ನೋದು ಕಾಗದಕ್ಕೆ ಮಾತ್ರ.

ಮೆಣಸಿನಕಾಯಿ · 9:33
ಹಣ ಹೋದ ಎಷ್ಟನೇ ದಿನಕ್ಕೆ ದೂರು ಕೊಟ್ಟಿರಿ ಅಣ್ಣಾ?

ಹಳೇ ಲಾರಿ · 9:36
ನಾಲ್ಕನೇ ದಿನ. ಲೋಡ್ ತೆಗೆದುಕೊಂಡು ಮಂಗಳೂರಿಗೆ ಹೋಗಿದ್ದೆ. ಬಂದ ಮೇಲೆ ಕೊಟ್ಟೆ. ಆದರೆ ದೂರು ದೂರೇ ಅಲ್ವಾ? ನಾಲ್ಕು ದಿನ ಆಯಿತು ಅಂದರೆ ಕಳ್ಳ ಕಳ್ಳ ಅಲ್ಲವಾ?

ಬ್ಯಾಂಕ್ ಕೌಂಟರ್ 3 · 9:48
ಅಣ್ಣಾ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಒಳಗೆ ಏನು ನಡೆಯುತ್ತೆ ಅಂತ ಹೇಳುತ್ತೇನೆ, ಕೇಳಿ.

ನಿಮ್ಮ ಖಾತೆಯಿಂದ ಹೋದ ಹಣ ಮೊದಲು ಯಾರದೋ ಒಬ್ಬರ ಖಾತೆಗೆ ಬೀಳುತ್ತೆ. ಅಲ್ಲಿಂದ ಐದಾರು ಖಾತೆಗೆ ಚೂರು ಚೂರಾಗಿ ಹೋಗುತ್ತೆ, ಅಲ್ಲಿಂದ ಇನ್ನೊಂದಷ್ಟಕ್ಕೆ. ಕೊನೆಗೆ ಎಲ್ಲೋ ಒಂದು ಎಟಿಎಂನಲ್ಲಿ ನೋಟಾಗಿ ಹೊರಗೆ ಬರುತ್ತೆ. 1930ಕ್ಕೆ ಫೋನ್ ಮಾಡಿದಾಗ ಅವರು ವಿವರವನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಅದು ಮೊದಲನೇ ಖಾತೆಯ ಬ್ಯಾಂಕಿಗೆ ಹೋಗುತ್ತೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆದು ನಿಲ್ಲಿಸುತ್ತಾರೆ. ಮುಂದೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಅದೇ ಟಿಕೆಟ್ ಹೋಗುತ್ತೆ. 2021ರಿಂದ ನಡೆಯುತ್ತಿರುವ ವ್ಯವಸ್ಥೆ ಇದು. ಮೊದಲು ನಂಬರ್ 155260 ಇತ್ತು, ಆಮೇಲೆ 1930 ಆಯಿತು.

ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ಇದು ಕಾಲುವೆ ನೀರಿದ್ದ ಹಾಗೆ. ತೂಬಿನ ಹತ್ತಿರವೇ ಹಲಗೆ ಇಳಿಸಿದರೆ ನೀರು ನಿಲ್ಲುತ್ತೆ. ನಾಲ್ಕನೇ ದಿನ ಇಳಿಸಿದರೆ ನೀರು ಹೊಲ ಸೇರಿರುತ್ತೆ.

ಟೇಲ್ ಎಂಡ್ ರೈತ · 9:52
ಮಾನ್ವಿ ಕಡೆ ಬನ್ನಿ ಸರ್, ಮೇಲಿನವರು ತೂಬಿನಲ್ಲೇ ಎಳೆದುಕೊಂಡು ಕೊನೆ ಭಾಗಕ್ಕೆ ನೀರೇ ಬರದ ಕಥೆ ಹೇಳುತ್ತೇವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋದಾಗ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ.

ಸಿರಗುಪ್ಪ ಭತ್ತ · 9:55
ನಾವೂ ಮಲಗಿರಲಿಲ್ಲ. ಸ್ಟಾಪ್ ಲಾಗ್ (ತಾತ್ಕಾಲಿಕ ಗೇಟ್) ಇಳಿಸುವವರೆಗೂ ಮೊಬೈಲ್ ಕೆಳಗಿಟ್ಟಿರಲಿಲ್ಲ. ಬಲದಂಡೆಯಲ್ಲೂ ಅದೇ ಗತಿ.

ಮೆಣಸಿನಕಾಯಿ · 9:57
ನೀರಿನ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಆ ಅಕ್ಕನ ವಿಷಯ ಇರಲಿ.

ಕಿನ್ನಾಳ ಗೊಂಬೆ · 10:26
ಮಾಡಿಸಿದೆವು. ಮೂರನೇ ಸಲಕ್ಕೆ ಲೈನ್ ಸಿಕ್ಕಿತು. ಕನ್ನಡದಲ್ಲೇ ಮಾತಾಡಿದರು, ಬೈಯಲಿಲ್ಲ. ಅಕ್ಕನಿಗೆ ಬಂದ ಎರಡು ಮೆಸೇಜನ್ನು ಅದೇ 8ನೇ ಕ್ಲಾಸಿನ ಹುಡುಗ ಓದಿ ಹೇಳಿದ. 9,500 ಒಂದು ಸಲ, 4,500 ಇನ್ನೊಂದು ಸಲ. ಫೋನಿಗೆ ದೂರಿನ ನಂಬರ್ ಬಂದಿದೆ. ಸೈಬರ್ ಅಪರಾಧದ ಪೋರ್ಟಲ್‌ನಲ್ಲಿ ಉಳಿದ ವಿವರ ತುಂಬಿ ಎಂದರು. ಕಾರ್ಡ್ ಬ್ಲಾಕ್ ಆಯಿತು.

ಅಕ್ಕ ಹೇಳಿದ ಒಂದು ಮಾತು ನಿಮಗೆ ತಿಳಿಸಬೇಕು. ಅವರಿಗೆ ಒಟಿಪಿ ಯಾರಿಗೂ ಹೇಳಬಾರದು ಅಂತ ಗೊತ್ತಿತ್ತಂತೆ. ಟಿವಿಯಲ್ಲಿ ಕೇಳಿದ್ದಾರೆ. ಆದರೆ ಫೋನ್ ಮಾಡಿದವನು ಒಂದು ಸಲವೂ ಒಟಿಪಿ ಎಂಬ ಮಾತು ಆಡಿಲ್ಲ. "ನಿಮ್ಮ ಕಂತಿನ ನಂಬರ್ ಬಂದಿದೆ ನೋಡಿ, ಆರು ಅಂಕಿ, ಓದಿ" ಅಂದಿದ್ದಾನೆ. ಕಂತಿನ ನಂಬರ್ ಅಂದುಕೊಂಡೇ ಇವರು ಓದಿದ್ದಾರೆ.

ಜೋಳದ ರಾಶಿ · 10:31
ಇದನ್ನು ಓದಿ ಹೊಟ್ಟೆ ಉರಿಯಿತು. ನಾನು ಸರ್ಕಾರಿ ಶಾಲೆ ಟೀಚರ್. ಮಕ್ಕಳಿಗೆ "ಒಟಿಪಿ ಹೇಳಬೇಡಿ" ಅಂತ ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ. ನಾಳೆಯಿಂದ "ಮೆಸೇಜಿನಲ್ಲಿ ಬಂದ ಯಾವ ನಂಬರೂ ಫೋನಿನಲ್ಲಿ ಓದಬೇಡಿ" ಅಂತ ಹೇಳುತ್ತೇನೆ.

ತುಂಗಾ ದಂಡೆ · 10:40
ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ದುಡ್ಡು ಹೋಗದಿದ್ದರೆ 1909ಕ್ಕೆ ಮೆಸೇಜ್ ಹಾಕಬೇಕು.

ಸಿಮ್ ಅಂಗಡಿ · 10:46
ಅದು ತಪ್ಪು. 1909 ಜಾಹೀರಾತಿನ ಕಾಟಕ್ಕೆ. ಸೈಟ್ ತಗೊಳ್ಳಿ, ಸಾಲ ತಗೊಳ್ಳಿ ಅಂತ ದಿನಾ ಪೀಡಿಸುವವರ ಮೇಲೆ ಅಲ್ಲಿ ದೂರು. ಮೊದಲು ಮೂರು ದಿನದೊಳಗೆ ಕೊಡಬೇಕಿತ್ತು, 2025ರ ಫೆಬ್ರುವರಿಯ ತಿದ್ದುಪಡಿಯಲ್ಲಿ ಏಳು ದಿನ ಮಾಡಿದರು.

ಇದು ವಂಚನೆಯ ಕರೆ, ದುಡ್ಡು ಹೋಗಿಲ್ಲ. ಇಂಥದ್ದಕ್ಕೆಂದೇ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ 'ಚಕ್ಷು' ಅಂತ ಇದೆ, 2024ರ ಮಾರ್ಚ್‌ನಲ್ಲಿ ಶುರುವಾಯಿತು. ಈಗ ಆಪ್ ಕೂಡ ಇದೆ. ಕಳೆದ 30 ದಿನದೊಳಗೆ ಬಂದ ಕರೆ, ಮೆಸೇಜ್, ವಾಟ್ಸಾಪ್ ಯಾವುದಿದ್ದರೂ ಹಾಕಬಹುದು. ಬಂದ ನಂಬರ್, ದಿನ, ಸಮಯ, ಅವರು ಏನು ಹೇಳಿದರು ಎಂದು ಬರೆದು, ನಿಮ್ಮ ಹೆಸರು, ಮೊಬೈಲ್ ನಂಬರ್ ಕೊಟ್ಟರೆ ಆಯಿತು. ಐದು ನಿಮಿಷದ ಕೆಲಸ. ಠಾಣೆಯವರು ಬ್ಲಾಕ್ ಮಾಡಿ ಅನ್ನುವ ಬದಲು ಇದನ್ನು ಹೇಳಿ ಕಳಿಸಬೇಕಿತ್ತು.

ಹಳೇ ಲಾರಿ · 10:50
ಹಾಕಿದರೆ ಏನಾಗುತ್ತೆ? ಆ ಸಿಮ್ ಹೋದರೆ ಇನ್ನೊಂದು ಸಿಮ್ ಹಾಕುತ್ತಾನೆ.

ಸಿಮ್ ಅಂಗಡಿ · 11:02
ಹಾಕುತ್ತಾನೆ, ನಿಜ. ಆದರೆ ಒಂದು ಸಿಮ್ ಸಿಕ್ಕಿಬಿದ್ದರೆ ಅದು ಯಾರ ಹೆಸರಿನಲ್ಲಿದೆ ಎಂದು ಮರುಪರಿಶೀಲನೆಗೆ ಹೋಗುತ್ತೆ. ಸುಳ್ಳು ದಾಖಲೆ ಅಂತ ಗೊತ್ತಾದರೆ ಕಡಿತ. ಆ ಸಿಮ್ ಹಾಕಿದ್ದ ಹ್ಯಾಂಡ್‌ಸೆಟ್ಟಿನ ಐಎಂಇಐ (ಫೋನಿನ ಗುರುತಿನ ನಂಬರ್) ಕೂಡ ಬ್ಲಾಕ್ ಮಾಡುತ್ತಾರೆ. ಒಂದೇ ನಂಬರ್ ಮೇಲೆ ಒಬ್ಬರು ಹೇಳಿದರೆ ಒಂದು ತೂಕ, ಒಂದೇ ಓಣಿಯ ಐವರು ಹೇಳಿದರೆ ಬೇರೆ ತೂಕ. ಆ ಐದೂ ಮನೆಯವರು ಹಾಕಲಿ.

ಅಲ್ಲೇ ಇನ್ನೊಂದು ಕೆಲಸ ಮಾಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ಒಬ್ಬರ ಹೆಸರಿಗೆ ನಮ್ಮ ರಾಜ್ಯದಲ್ಲಿ 9 ತನಕ ಅವಕಾಶ ಇದೆ. ನಮ್ಮತ್ತೆಯವರದ್ದು ನೋಡಿದಾಗ ಗೊತ್ತಿಲ್ಲದ ಮೂರು ನಂಬರ್ ಇದ್ದವು. ಜಾತ್ರೆಯಲ್ಲಿ ಕೊಡೆ ಹಿಡಿದು ಕೂತವರ ಹತ್ತಿರ ಸಿಮ್ ತೆಗೆದುಕೊಂಡಿದ್ದರು. "ಬೆರಳು ಸರಿ ಬರಲಿಲ್ಲ ಅಮ್ಮಾ, ಇನ್ನೊಂದು ಸಲ ಒತ್ತಿ" ಅಂತ ಮೂರ್ನಾಲ್ಕು ಸಲ ಒತ್ತಿಸಿಕೊಂಡಿದ್ದಾರೆ. ಒಂದೊಂದು ಸಲ ಒತ್ತಿದಾಗಲೂ ಒಂದೊಂದು ಸಿಮ್. 'ಇದು ನನ್ನ ನಂಬರ್ ಅಲ್ಲ' ಎಂದು ಒತ್ತಿ ತೆಗೆಸಿದೆ. ನಮ್ಮತ್ತೆಯ ಹೆಸರಿನ ಸಿಮ್ಮಿನಿಂದ ಯಾರ ಮನೆಗೆ ಫೋನ್ ಹೋಗಿತ್ತೋ ಎಂದು ಇವತ್ತಿಗೂ ಸಂಕಟವಾಗುತ್ತೆ.

ಕೆಂಪು ಮಣ್ಣು · 11:10
ನಾನು ಇಂಥವರನ್ನು ಅರ್ಧ ಗಂಟೆ ಮಾತಾಡಿಸುತ್ತಾ ಕೂರುತ್ತೇನೆ. ಅಷ್ಟು ಹೊತ್ತು ಇನ್ನೊಬ್ಬರಿಗೆ ಫೋನ್ ಮಾಡಲು ಆಗಲ್ಲ ಅಲ್ವಾ?

ಮೆಣಸಿನಕಾಯಿ · 11:13
ಬೇಡ ಅಣ್ಣಾ. ನಮ್ಮ ಭಾವನೂ ಹಾಗೇ ಮಾಡಿದರು. ಮಾತಿನ ನಡುವೆ ಊರು, ಬ್ಯಾಂಕು, ಮಗ ಎಲ್ಲಿ ಓದುತ್ತಾನೆ ಎಲ್ಲ ಗೊತ್ತಿಲ್ಲದೆ ಹೇಳಿಬಿಟ್ಟಿದ್ದರು. ಮರುವಾರ "ನಿಮ್ಮ ಮಗ ಪೊಲೀಸ್ ವಶದಲ್ಲಿದ್ದಾನೆ" ಅಂತ ಕಾಲೇಜಿನ ಹೆಸರು ಸಮೇತ ಫೋನ್ ಬಂತು. ಕಟ್ ಮಾಡಿ, ಚಕ್ಷುವಿಗೆ ಹಾಕಿ. ಆ ಅರ್ಧ ಗಂಟೆಗಿಂತ ಈ ಐದು ನಿಮಿಷಕ್ಕೆ ಬೆಲೆ ಜಾಸ್ತಿ.

ಶಕ್ತಿನಗರ ಕ್ವಾರ್ಟರ್ಸ್ · ಶುಕ್ರವಾರ, ಬೆಳಿಗ್ಗೆ 7:25
ರಾತ್ರಿಯೇ ಬರೆಯಬೇಕಿತ್ತು, ಬರೆಯಲು ಆಗಲಿಲ್ಲ. ನಮ್ಮ ಕಾಕಾ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೋದ ವರ್ಷ ಅವರಿಗೆ ವಿಡಿಯೋ ಕಾಲ್ ಬಂತು. ಖಾಕಿ ಬಟ್ಟೆ, ಹಿಂದೆ ಇಲಾಖೆಯ ಲಾಂಛನ. ನಿಮ್ಮ ಆಧಾರ್ ಹಾಕಿ ಕಳಿಸಿದ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಅಂದರು. ಫೋನ್ ಕಟ್ ಮಾಡಬಾರದು, ಯಾರಿಗೂ ಹೇಳಬಾರದು, ಕ್ಯಾಮೆರಾ ಬಿಟ್ಟು ಏಳಬಾರದು.

ಕಾಕಾ ಫೋನನ್ನು ಸ್ಟೀಲ್ ಲೋಟಕ್ಕೆ ಆನಿಸಿ ಇಟ್ಟು ಐದು ಗಂಟೆ ಕೂತಿದ್ದಾರೆ. ಕಾಕು ಚಹಾ ತಂದು ಕೊಟ್ಟರೆ ಕೈ ಸನ್ನೆಯಲ್ಲೇ ಬೇಡ ಅಂದಿದ್ದಾರೆ. ಸಕ್ಕರೆ ಕಾಯಿಲೆ ಇರುವ ಮನುಷ್ಯ ಮಧ್ಯಾಹ್ನ ಊಟ ಮಾಡಿಲ್ಲ, ಮಾತ್ರೆ ತೆಗೆದುಕೊಂಡಿಲ್ಲ. ಮೂರು ಗಂಟೆಗೆ ಅಂಗಿ ಜೇಬಿನಲ್ಲಿ ಫೋನ್ ಚಾಲೂ ಇಟ್ಟುಕೊಂಡು ಎಫ್‌ಡಿ ಮುರಿಸಲು ಬ್ಯಾಂಕಿಗೆ ಹೋಗಿದ್ದಾರೆ. ಕೌಂಟರಿನಲ್ಲಿದ್ದ ಹುಡುಗಿ "ಅಂಕಲ್, ಅವಧಿ ಮುಗಿಯೋಕೆ ಹತ್ತಿರ ಬಂದ ಎಫ್‌ಡಿ, ಬಡ್ಡಿ ಬಿಟ್ಟು ಯಾಕೆ ಮುರಿಸ್ತೀರಿ?" ಅಂದಿದ್ದಾಳೆ. ಕಾಕಾ ಮಾತಾಡಲಿಲ್ಲ. ಕಣ್ಣಲ್ಲಿ ನೀರು ಬಂತಂತೆ. ಅವಳು ಸುಮ್ಮನೆ ಒಂದು ಚೀಟಿ ಮುಂದಿಟ್ಟು ಪೆನ್ನು ಕೊಟ್ಟಿದ್ದಾಳೆ. ಅದರಲ್ಲಿ ಕಾಕಾ "ಅರೆಸ್ಟ್" ಎಂದಷ್ಟೇ ಬರೆದರು. ಅವಳೇ ಜೇಬಿನಿಂದ ಫೋನ್ ತೆಗೆದು ಕಟ್ ಮಾಡಿದಳು.

11 ಲಕ್ಷ ಉಳಿಯಿತು. ದುಡ್ಡು ಹೋಗಲಿಲ್ಲವಾದ್ದರಿಂದ ನಾವೂ ದೂರು ಕೊಡಲಿಲ್ಲ, ಮಾನ ಹೋಗುತ್ತೆ ಅಂತ. ನಿನ್ನೆ ಇದನ್ನೆಲ್ಲ ಓದಿದ ಮೇಲೆ ನಾವು ಮಾಡಿದ್ದು ತಪ್ಪು ಅನಿಸಿತು. ಅದೇ ಮನುಷ್ಯ ಮರುದಿನ ಇನ್ನೊಬ್ಬ ಕಾಕಾನಿಗೆ ಫೋನ್ ಮಾಡಿರುತ್ತಾನೆ.

ಕಪ್ಪು ಕೋಟು · 7:50
ವಕೀಲರಾಗಿ ಹೇಳುತ್ತೇನೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರಾಗಲಿ ಸಿಬಿಐ ಆಗಲಿ ನ್ಯಾಯಾಧೀಶರಾಗಲಿ ವಿಡಿಯೋ ಕಾಲ್‌ನಲ್ಲಿ ಬಂಧಿಸಲು ಆಗಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೂ ಇದನ್ನೇ ಹೇಳಿದ್ದರು.

ಇನ್ನು ಠಾಣೆ ವಿಷಯ. 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ) ಕಾಯ್ದೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. "ಇದು ನಮ್ಮ ವ್ಯಾಪ್ತಿ ಅಲ್ಲ" ಅನ್ನುವಂತಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧದ) ಠಾಣೆ ಇದೆ. ಸೈಬರ್ ಪ್ರಕರಣ ಅಲ್ಲಿ ಬೇಗ ಅರ್ಥವಾಗುತ್ತೆ, ಆದರೆ ಕುಷ್ಟಗಿಯಿಂದ ಕೊಪ್ಪಳಕ್ಕೆ ಬರಲೇಬೇಕು ಅಂತ ಇಲ್ಲ. ಇನ್ನೊಬ್ಬರ ವೇಷದಲ್ಲಿ ಕಂಪ್ಯೂಟರ್, ಫೋನ್ ಬಳಸಿ ಮೋಸ ಮಾಡುವುದಕ್ಕೆ ಐಟಿ ಕಾಯ್ದೆಯ 66ಡಿ ಇದೆ. ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ.

ಜೋಳದ ರಾಶಿ · 8:05
ಈ ಫೋನ್ ಮಾಡುವವರು ಮೊದಲೆಲ್ಲ ಹಿಂದಿಯಲ್ಲೇ ಮಾತಾಡುತ್ತಿದ್ದರು. ಹಿಂದಿ ಬಂದ ಕೂಡಲೇ ನಮ್ಮ ಹೆಂಗಸರು ಇಟ್ಟುಬಿಡುತ್ತಿದ್ದರು. ಈಗ ಕನ್ನಡ ಮಾತಾಡುತ್ತಾರೆ. ನನಗೆ ಬಂದಿದ್ದ ಕರೆಯಲ್ಲಂತೂ ನಮ್ಮ ರಾಯಚೂರಿನ ಮಾತೇ. ಅದೇ ಹೆಚ್ಚು ನೋವಿನ ವಿಷಯ.

ಕೆಂಪು ಮಣ್ಣು · 8:12
ನಮ್ಮ ಹುಡುಗರೇ ಹೊಟ್ಟೆಪಾಡಿಗೆ ಇದನ್ನು ಮಾಡಿದರೆ ಇನ್ನು ಯಾರನ್ನು ನಂಬಬೇಕು?

ಬಳ್ಳಾರಿ ಜೀನ್ಸ್ · 8:30
ಎಲ್ಲರೂ ಇಷ್ಟಪಟ್ಟು ಮಾಡುವವರಲ್ಲ. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆದುಕೊಂಡು ಹೋಗಿ, ಮ್ಯಾನ್ಮಾರ್, ಕಾಂಬೋಡಿಯಾದಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು ಫೋನ್ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಅಂಥ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ವಾಪಸ್ ಕರೆತಂದರು.

ಊರಲ್ಲೇ ನಡೆಯುವುದು ಖಾತೆ ಬಾಡಿಗೆ. ನಮ್ಮ ಹೊಲಿಗೆ ಯೂನಿಟ್ಟಿನ ಹುಡುಗನೊಬ್ಬನಿಗೆ "ನಿನ್ನ ಹೆಸರಲ್ಲಿ ಖಾತೆ ತೆಗೆ, ಎಟಿಎಂ ಕಾರ್ಡ್, ಸಿಮ್ ನಮಗೆ ಕೊಡು, 5,000 ಕೊಡುತ್ತೇವೆ" ಅಂದಿದ್ದರು. ಅಕ್ಕನ ಮದುವೆ ಸಾಲ ಇತ್ತು, ಕೊಟ್ಟ. ಎರಡು ತಿಂಗಳಿಗೆ ಬೇರೆ ರಾಜ್ಯದ ಪೊಲೀಸರು ಹುಡುಕಿಕೊಂಡು ಬಂದರು. ಅವನ ಖಾತೆಯಲ್ಲಿ ಅವನು ಜನ್ಮದಲ್ಲಿ ನೋಡದಷ್ಟು ಹಣ ಓಡಾಡಿತ್ತು. ಆ 5,000ಕ್ಕೆ ಅವನ ತಾಯಿ ಈಗ ವಕೀಲರ ಮನೆ ಅಲೆಯುತ್ತಿದ್ದಾರೆ. ಕಾಲೇಜು ಹುಡುಗರಿರುವ ಮನೆಯವರು ದಯವಿಟ್ಟು ಇದನ್ನು ಹೇಳಿ.

ಗಂಗಾವತಿ ಅಕ್ಕಿ · 9:15
ಎಲ್ಲರೂ ದೂರು ಕೊಡಿ ಅಂತೀರಿ, ಸರಿ. ಇನ್ನೊಂದು ಬದಿಯೂ ಕೇಳಿ. ನಮ್ಮದು ಅಕ್ಕಿ ವ್ಯಾಪಾರ. ಒಬ್ಬ ಗಿರಾಕಿ 38,000ದ ಅಕ್ಕಿ ತೆಗೆದುಕೊಂಡು ಯುಪಿಐ ಮಾಡಿ ಹೋದ. ಹದಿನೈದು ದಿನಕ್ಕೆ ನಮ್ಮ ಇಡೀ ಖಾತೆ ಫ್ರೀಜ್. ಅವನು ಕೊಟ್ಟ ಹಣ ಯಾರದ್ದೋ ಮೋಸದ ಹಣವಂತೆ, ದೂರು ಬೇರೆ ರಾಜ್ಯದ್ದು. ಸುಗ್ಗಿ ಟೈಮು. ಹಮಾಲರಿಗೆ ಕೂಲಿ ಕೊಡಲು ತಂಗಿಯ ಬಳೆ ಅಡ ಇಟ್ಟೆ. ನಾನು ಮಾಡಿದ ತಪ್ಪೇನು?

ಕಪ್ಪು ಕೋಟು · 9:32
ನಿಮ್ಮದು ಏನೂ ತಪ್ಪಿಲ್ಲ. ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳಿ: ಯಾವ ದೂರಿನ ನಂಬರ್, ಯಾವ ಠಾಣೆ, ವಿವಾದದ ಮೊತ್ತ ಎಷ್ಟು? ಆ ಠಾಣೆಗೆ ಬಿಲ್, ತೂಕದ ಚೀಟಿ, ಲಾರಿ ಬಾಡಿಗೆ ರಸೀದಿ ಇಮೇಲ್ ಮಾಡಿ. 38,000 ಮಾತ್ರ ತಡೆ ಇಟ್ಟು ಉಳಿದದ್ದು ಬಿಡಿ ಅಂತ ಕೇಳಿ. ಕೇರಳ ಹೈಕೋರ್ಟ್ 2023ರಲ್ಲಿ ಇಂಥದ್ದೇ ವಿಷಯದಲ್ಲಿ ತಡೆಯನ್ನು ವಿವಾದದ ಮೊತ್ತಕ್ಕಷ್ಟೇ ಸೀಮಿತ ಮಾಡಿತು. ಒಪ್ಪದಿದ್ದರೆ ನ್ಯಾಯಾಲಯಕ್ಕೆ ಹೋಗುವ ದಾರಿ ಇದೆ.

ಗಂಗಾವತಿ ಅಕ್ಕಿ · 9:40
ದೂರಿನ ನಂಬರ್ ಕೇಳಬೇಕು ಅಂತಲೇ ನನಗೆ ಯಾರೂ ಹೇಳಿರಲಿಲ್ಲ. ಇವತ್ತೇ ಪತ್ರ ಕೊಡುತ್ತೇನೆ.

ತುಂಗಾ ದಂಡೆ · 10:05
ನಿನ್ನೆ 1909 ಅಂತ ತಪ್ಪು ಹೇಳಿದ್ದೆ, ಕ್ಷಮಿಸಿ. ಒಂದು ಅನುಮಾನ. ಫೋನ್ ಮಾಡಿದವರ ಹೆಸರು ತೋರಿಸುವ ಆಪ್ ಇದ್ದರೆ ಸಾಕಲ್ಲವಾ? ಕೆಂಪಾಗಿ ತೋರಿಸಿದರೆ ಎತ್ತದಿದ್ದರಾಯಿತು.

ಸಿಮ್ ಅಂಗಡಿ · 10:20
ಅದನ್ನೇ ನಂಬಬೇಡಿ. ಹೊಸ ಸಿಮ್ ಆದರೆ ಕೆಂಪಾಗಲು ಸಮಯ ಬೇಕು. ಹೆಸರು ಜನರೇ ಹಾಕುವುದು, ಕಳ್ಳರೂ "ಬ್ಯಾಂಕ್ ಮ್ಯಾನೇಜರ್" ಅಂತ ಹಾಕಿಕೊಳ್ಳಬಹುದು. ಬ್ಯಾಂಕಿನ ಸೇವೆಯ ಕರೆಗೆ 1600ರಿಂದ ಶುರುವಾಗುವ ನಂಬರ್, ಮಾರಾಟದ ಕರೆಗೆ 140ರಿಂದ ಶುರುವಾಗುವ ನಂಬರ್ ಎಂದು ನಿಗದಿ ಮಾಡಿದ್ದಾರೆ. ಮಾಮೂಲಿ ಹತ್ತು ಅಂಕಿಯ ಮೊಬೈಲಿನಿಂದ "ಬ್ಯಾಂಕು" ಅಂದರೆ ಅಲ್ಲೇ ಅನುಮಾನ ಪಡಿ. ಮೆಸೇಜೂ ಅಷ್ಟೇ. ನಿಜವಾದ ಬ್ಯಾಂಕ್ ಮೆಸೇಜ್ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಇಂಗ್ಲಿಷ್ ಅಕ್ಷರದ ಹೆಸರಿನಿಂದ ಬರುತ್ತೆ, ಕೊನೆಯಲ್ಲಿ ಎಸ್ ಅಥವಾ ಟಿ ಅಂತ ಇರುತ್ತೆ. ಸರ್ಕಾರದ್ದಕ್ಕೆ ಜಿ, ಜಾಹೀರಾತಿಗೆ ಪಿ.

"ನಿಮ್ಮ ಯಜಮಾನರಿಗೆ 2,000 ಕೊಡಬೇಕಿತ್ತು, ತಪ್ಪಿ 20,000 ಹಾಕಿಬಿಟ್ಟೆ, 18,000 ವಾಪಸ್ ಹಾಕಿ" ಅಂತ ಬರುವ ಕರೆಯಲ್ಲಿ ಜಮಾ ಆದ ಮೆಸೇಜೇ ಸುಳ್ಳು. ಮೆಸೇಜ್ ನೋಡಬೇಡಿ, ಖಾತೆಯ ಬ್ಯಾಲೆನ್ಸ್ ನೋಡಿ.

ಹಟ್ಟಿ ಕಾಲೋನಿ · 10:34
ಸ್ಟಾರ್ 21 ಸ್ಟಾರ್ ಒತ್ತಿ ಒಂದು ನಂಬರ್ ಹಾಕಿ ಎಂದರೂ ಒತ್ತಬೇಡಿ. ನಮ್ಮ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ. ಒತ್ತಿಬಿಟ್ಟಿದ್ದರೆ ##002# ಒತ್ತಿ, ರದ್ದಾಗುತ್ತೆ.

ಕಿನ್ನಾಳ ಗೊಂಬೆ · ಸೋಮವಾರ, ಸಂಜೆ 6:15
ಸುದ್ದಿ ಇದೆ. ಅಕ್ಕನ 9,500 ಒಂದು ಖಾತೆಯಲ್ಲಿ ತಡೆದು ನಿಲ್ಲಿಸಿದ್ದಾರೆ. 4,500 ಅದೇ ದಿನ ಮಧ್ಯಾಹ್ನ ಎಟಿಎಂನಿಂದ ತೆಗೆದುಬಿಟ್ಟಿದ್ದಾರೆ, ಅದು ಸಿಗುವುದು ಕಷ್ಟವಂತೆ. ನಿಲ್ಲಿಸಿದ ಹಣ ಇನ್ನೂ ಕೈಗೆ ಬಂದಿಲ್ಲ.

ಅಕ್ಕ ಗಂಡನಿಗೆ ಹೇಳಿದರು. ನಾವೆಲ್ಲ ಹೆದರಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತು, "ನಂಗೂ ಹೋದ ತಿಂಗಳು ಟ್ರ್ಯಾಕ್ಟರ್ ಸಬ್ಸಿಡಿ ಅಂತ 3,000 ಹೋಗೇತಿ" ಅಂದರಂತೆ. ಅವರೂ ಅಕ್ಕನಿಗೆ ಹೇಳಿರಲಿಲ್ಲ.

ಬ್ಯಾಂಕ್ ಕೌಂಟರ್ 3 · 6:28
9,500 ನಿಂತದ್ದು ದೊಡ್ಡ ವಿಷಯ. ಬ್ಯಾಂಕಿಗೂ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಲಿ. ನಾವೇ ನಂಬರ್ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಇದೆ. ಅದಕ್ಕೇ ತಿಳಿಸಿದ ಸಮಯ ಮುಖ್ಯ. ಯಜಮಾನರ 3,000ಕ್ಕೂ ದೂರು ಹಾಕಲಿ. ಸಿಗದಿದ್ದರೂ ಆ ನಂಬರ್ ದಾಖಲಾಗುತ್ತೆ.

ಹಳೇ ಲಾರಿ · 6:50
9,500 ನಿಂತಿತಾ? ಒಳ್ಳೆಯದಾಯಿತು ತಂಗಿ. ನನ್ನ ದುಡ್ಡಿನ ಮಾತು ಬೇರೆ, ನಾಲ್ಕು ಸಲ ಅಲೆದ ಸಿಟ್ಟು ನನಗೆ ಹೋಗಲ್ಲ. ಆದರೆ ಮೊನ್ನೆ ಓಡಾಡಿಸಬೇಡಿ ಅಂದಿದ್ದು ನನ್ನ ತಪ್ಪು. ನಮ್ಮ ಲಾರಿ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ 1930 ಅಂತ ಸುಣ್ಣದಲ್ಲಿ ಬರೆಸಿದ್ದೇನೆ.

ಕಿನ್ನಾಳ ಗೊಂಬೆ · 7:10
ಸುಣ್ಣದ ವಿಚಾರ ಚೆನ್ನಾಗಿದೆ ಅಣ್ಣಾ. ನಾವು ಹಿಟ್ಟಿನ ಗಿರಣಿಯಲ್ಲಿ ಅಂಟಿಸಲು ಒಂದು ಹಾಳೆ ಬರೆದಿದ್ದೇವೆ. ತಪ್ಪಿದ್ದರೆ ತಿದ್ದಿ: "ಒಟಿಪಿ, ಸಿವಿವಿ, ಪಿನ್ ಯಾರಿಗೂ ಹಂಚಿಕೊಳ್ಳಬೇಡಿ. ಸೈಬರ್ ವಂಚನೆಯಾದಲ್ಲಿ ಕೂಡಲೇ ರಾಷ್ಟ್ರೀಯ ಸಹಾಯವಾಣಿ 1930ನ್ನು ಸಂಪರ್ಕಿಸಿ."

ಜೋಳದ ರಾಶಿ · 7:18
ಇದು ಸರ್ಕಾರಿ ಸುತ್ತೋಲೆ ಥರ ಇದೆ. ಆ ಅಕ್ಕನಿಗೆ ಅರ್ಥವಾಗದೇ ಹೋದದ್ದು ಇದೇ ಮಾತು. ಹೀಗೆ ಬರೆಯಿರಿ: "ಗೃಹಲಕ್ಷ್ಮಿ ರೊಕ್ಕ ತಾನೇ ಖಾತೆಗೆ ಬರುತ್ತೆ. ಅದಕ್ಕೆ ಯಾರೂ ಫೋನ್ ಮಾಡಲ್ಲ. ಎಟಿಎಂ ಕಾರ್ಡಿನ ನಂಬರ್ ಓದಬೇಡಿ. ಮೆಸೇಜಿನಲ್ಲಿ ಬಂದ ನಂಬರ್ ಓದಬೇಡಿ. ರೊಕ್ಕ ಬರಲು ಪಿನ್ ಒತ್ತಬೇಕಿಲ್ಲ. ರೊಕ್ಕ ಹೋದರೆ ಆಗಲೇ 1930ಕ್ಕೆ ಫೋನ್ ಮಾಡಿ. ಯಾರೂ ಬೈಯಲ್ಲ."

ಮೆಣಸಿನಕಾಯಿ · 7:21
"ಯಾರೂ ಬೈಯಲ್ಲ" ಅನ್ನೋದನ್ನು ದೊಡ್ಡದಾಗಿ ಬರೆಯಿರಿ.

ಹಟ್ಟಿ ಕಾಲೋನಿ · 7:25
ಕೀಪ್ಯಾಡ್ ಫೋನ್ ಇರುವ ಅಜ್ಜಿಯರಿಗೆ 9ನೇ ಬಟನ್ನಿಗೆ 1930 ಸೇವ್ ಮಾಡಿ ಕೊಡಿ. ಒತ್ತಿ ಹಿಡಿದರೆ ಹೋಗುತ್ತೆ. ನಾನು ನಮ್ಮಮ್ಮನ ಫೋನಿನ 9ರ ಮೇಲೆ ಕುಂಕುಮದ ಬೊಟ್ಟು ಇಟ್ಟುಕೊಟ್ಟಿದ್ದೇನೆ.

ಕಿನ್ನಾಳ ಗೊಂಬೆ · 8:40
ಟೀಚರ್ ಹೇಳಿದ ಹಾಗೇ ಬರೆಸಿದೆ. ಬರೆದದ್ದು ಅದೇ ಹುಡುಗ, ಕೆಂಪು ಸ್ಕೆಚ್ ಪೆನ್ನಿನಲ್ಲಿ. ಗಿರಣಿಯಲ್ಲಿ ಅಂಟಿಸಿದೆವು. ಐದೂ ಮನೆಯಿಂದ ಚಕ್ಷುವಿಗೆ ಹಾಕಿ ಆಯಿತು. ಹಾಳೆಯ ಫೋಟೋ ಬೇಕಾದವರು ಹೇಳಿ.

ಟೇಲ್ ಎಂಡ್ ರೈತ · 8:44
ನನಗೆ ಕಳಿಸಿ ತಂಗಿ. ಮಾನ್ವಿ ಕಡೆ ನಮ್ಮೂರ ರೇಷನ್ ಅಂಗಡಿ ಮುಂದೆ ಅಂಟಿಸುತ್ತೇನೆ. ಅಕ್ಕಿ ಕೊಡುವುದು ಶುರುವಾಗುವ ಮೊದಲೇ ಬೇಕು, ಆಗ ಊರ ಹೆಣ್ಣುಮಕ್ಕಳೆಲ್ಲ ಅಲ್ಲಿ ಸಾಲು ನಿಲ್ಲುತ್ತಾರೆ.